ಒಂದು ಡಿಶ್, ಎರಡು ಬಾಕ್ಸ್: ಹಂಚಿನ ಮನೆಯಿಂದ ಟ್ರಾಯ್ ಮತ್ತು ಪ್ರಸಾರ ಭಾರತಿಗೆ ಒಂದು ಬಹಿರಂಗ ಪತ್ರ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಮತ್ತು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ವರ್ಷ ಆರ್ದ್ರಾ ಮಳೆ ಹಿಡಿದು ಹೊಡೆಯುತ್ತಿದ್ದಾಗ ನನ್ನ ಮೈದುನ ಹಂಚಿನ ಮೇಲೆ ಹತ್ತಿದ್ದ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಸ್ಪ್ಯಾನರ್. ನಾನು ಜಗಲಿಯಲ್ಲಿ ನಿಂತು, ಕಿಟಕಿಯಿಂದ ಒಳಗಿನ ಟಿವಿ ನೋಡುತ್ತಾ ಅವನಿಗೆ ಕೂಗಿ ಹೇಳಬೇಕಿತ್ತು.

“ಬಂತಾ ಅತ್ತಿಗೆ?”

“ಇಲ್ಲ.”

“ಈಗ?”

“ಬಂತು, ಬಂತು... ಹೋಯ್ತು ಮಾರಾಯ.”

ಅಷ್ಟರಲ್ಲಿ ಹಂಚು ಒಡೆಯಿತು. ಅವನ ಎಡಗಾಲು ಮೊಣಕಾಲಿನ ತನಕ ಅಟ್ಟದೊಳಗೆ ಇಳಿಯಿತು. ರೀಪಿಗೆ ಸಿಕ್ಕಿಕೊಂಡ, ಹಾಗಾಗಿ ಕೆಳಗೆ ಬೀಳಲಿಲ್ಲ. ಕಾಲಿಗೆ ಐದು ಹೊಲಿಗೆ. ಈ ಪತ್ರ ಬರೆಯಬೇಕು ಅಂತ ಅವತ್ತೇ ಅಂದುಕೊಂಡೆ. ಆದರೆ ಅಡಿಕೆಗೆ ಕೊಳೆ ರೋಗದ ಔಷಧಿ, ಆಮೇಲೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ದಿನ ಹೋಯಿತು. ಈಗ ಅಂಗಳ ಖಾಲಿಯಾಗಿದೆ, ಬರೆಯುತ್ತಿದ್ದೇನೆ.

ಮಳೆಯಲ್ಲಿ ಅವನು ಹತ್ತಿದ್ದು ಯಾಕೆ ಅಂತ ನೀವು ಕೇಳಬಹುದು. ಡಿಶ್ ತಿರುಗಿಸೋಕೆ. ತಿಂಗಳ ರೀಚಾರ್ಜ್ ಮುಗಿದಿತ್ತು. ದುಡ್ಡು ಕೊಟ್ಟು ನೋಡುವ ಕಂಪನಿಯ ಉಪಗ್ರಹದಿಂದ ದೂರದರ್ಶನದ ಪುಕ್ಕಟೆ ಸೇವೆಯಾದ ಫ್ರೀ ಡಿಶ್‌ನ ಉಪಗ್ರಹದ ಕಡೆಗೆ ಡಿಶ್ಶನ್ನು ತಿರುಗಿಸಬೇಕಿತ್ತು. ನಮ್ಮ ಕಡೆ ಇದು ಹೊಸ ವಿಷಯವೇನಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಂಚಿನ ಮನೆಗಳಲ್ಲಿ ವಿಚಾರಿಸಿ ನೋಡಿ. ಹೀಗೆ ಮಾಡುವವರು ಜಾಸ್ತಿಯೇ ಸಿಗುತ್ತಾರೆ.

“ಇನ್ನೊಂದು ಡಿಶ್ ಹಾಕಿಸಿಕೊಳ್ಳಿ, ಏನು ಮಹಾ?” ಅಂತ ಪೇಟೆಯಲ್ಲಿರುವ ನನ್ನ ತಮ್ಮನೂ ಹೇಳಿದ. ಅವನ ಮನೆಗೆ ತಾರಸಿ ಇದೆ, ನಮ್ಮದಕ್ಕೆ ಇಲ್ಲ. ನಮ್ಮ ಮನೆ ಇರುವುದು ತೋಟದ ತಲೆಯಲ್ಲಿ. ಮೂರು ಕಡೆ ಗುಡ್ಡ, ಒಂದು ಕಡೆ ಅಡಿಕೆ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಆಕಾಶ ಒಂದು ಕಂಬಳಿಯಷ್ಟು. ಅದರಲ್ಲೂ ಆಗ್ನೇಯ ದಿಕ್ಕಿಗೆ, ಹಲಸಿನ ಮರಕ್ಕೂ ತೋಟಕ್ಕೂ ನಡುವೆ ಒಂದು ಸಂದು ಇದೆ. ಡಿಶ್‌ಗೆ ಬೇಕಾದ ಆಕಾಶ ಸಿಗುವುದು ಅಲ್ಲಿ ಮಾತ್ರ. ಆ ಸಂದಿಗೆ ನೇರವಾಗಿ ಗೋಡೆಯ ಮೇಲೆ ಡಿಶ್ ಕೂರಿಸಲು ಇರುವುದು ಒಂದೇ ಜಾಗ, ಅಡುಗೆಮನೆಯ ಮೂಲೆ. ಅಲ್ಲಿಗೆ ತಲುಪಬೇಕೆಂದರೆ ಹಂಚಿನ ಮೇಲೆಯೇ ಹೋಗಬೇಕು.

ಈ ಆಕಾಶದ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದ ಓದುಗರಿಗಾಗಿ ಬರೆಯುತ್ತೇನೆ. ಟಿವಿ ಉಪಗ್ರಹಗಳು ಭೂಮಿಯ ನಡು ಗೆರೆಯ ನೇರಕ್ಕೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ನಿಂತಿವೆ. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಶಿವಮೊಗ್ಗದಲ್ಲಿ ನಿಂತರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ ಇರುತ್ತದೆ. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ, ಅದು ಇನ್ನೂ ಎತ್ತರ, ಸುಮಾರು 71. ಏರ್‌ಟೆಲ್ 108.2ರಲ್ಲಿದೆ, ಅದು ತಗ್ಗು, 49ರ ಆಸುಪಾಸು. ಡಿ2ಎಚ್ 88ರಲ್ಲಿ, ಡಿಶ್ ಟಿವಿ 95ರಲ್ಲಿ. ಸನ್ ಡೈರೆಕ್ಟ್ ಅಂತೂ ಫ್ರೀ ಡಿಶ್ ಇರುವ ಜಿಸ್ಯಾಟ್-15ನ್ನೇ ಬಳಸುತ್ತದೆ, ಪಕ್ಕದ 91.5 ಡಿಗ್ರಿಯ ಉಪಗ್ರಹವನ್ನೂ ಬಳಸುತ್ತದೆ.

ಬಯಲುಸೀಮೆಯಲ್ಲಿ 49 ಆದರೇನು, 71 ಆದರೇನು, ಎಲ್ಲವೂ ಒಂದೇ. ನಮ್ಮಲ್ಲಿ ಹಾಗಲ್ಲ. ಅಡಿಕೆ ಮರ ವರ್ಷ ವರ್ಷ ಎತ್ತರವಾಗುತ್ತದೆ. ಹತ್ತು ವರ್ಷದ ಹಿಂದೆ ಚೆನ್ನಾಗಿ ಬರುತ್ತಿದ್ದ ಡಿಶ್ ಈಗ ಗಾಳಿ ಬೀಸಿದಾಗ ಮಾತ್ರ ಬರುತ್ತದೆ, ಸೋಗೆ ಅತ್ತಿತ್ತ ಸರಿದರೆ! ಟಿವಿಗೋಸ್ಕರ ಫಲ ಕೊಡುವ ಮರ ಕಡಿಯೋಕೆ ಆಗುತ್ತಾ?

ಈಗ ಇನ್ನೊಂದು ಪ್ರಶ್ನೆ. ಒಂದೇ ಮನೆಗೆ ಎರಡು ಸೇವೆ ಯಾಕೆ ಬೇಕು? ನಮ್ಮ ಅತ್ತೆಗೆ ಸಂಜೆಯ ಧಾರಾವಾಹಿ ಬೇಕು. ಜೀ ಕನ್ನಡ, ಕಲರ್ಸ್ ಕನ್ನಡ, ಉದಯ, ಸ್ಟಾರ್ ಸುವರ್ಣ ಎಲ್ಲವೂ ದುಡ್ಡಿನ ಚಾನೆಲ್. ನಮ್ಮ ಮಾವನಿಗೆ ಚಂದನ ಬೇಕು. ಎಲೆಚುಕ್ಕಿ ರೋಗದ ಬಗ್ಗೆ ಯಾರು ಏನು ಹೇಳಿದರೂ ಅವರಿಗೆ ಕೇಳಬೇಕು, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ‘ಥಟ್ ಅಂತ ಹೇಳಿ’ ಹಾಕಿದರೆ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ, ಪುಸ್ತಕ ತನಗೇ ಬಂದ ಹಾಗೆ ಖುಷಿಪಡುತ್ತಾರೆ. ಮೊದಲಾದರೆ ಈ ಜಗಳ ಇರಲಿಲ್ಲ. ಬಿದಿರ ಗಳಕ್ಕೆ ಆಂಟೆನಾ ಕಟ್ಟಿ ನಿಲ್ಲಿಸಿದರೆ ದೂರದರ್ಶನ ಬರುತ್ತಿತ್ತು. ಚುಕ್ಕಿ ಚುಕ್ಕಿಯಾಗಿಯಾದರೂ ಬರುತ್ತಿತ್ತು. ಆ ಹಳೆಯ ಪ್ರಸಾರ ಗೋಪುರಗಳನ್ನು ಪ್ರಸಾರ ಭಾರತಿಯವರು ನೀವು 2022ರ ಹೊತ್ತಿಗೆ ಬಹುಪಾಲು ನಿಲ್ಲಿಸಿದಿರಿ. ಕಾಲಕ್ಕೆ ತಕ್ಕಂತೆ ಮಾಡಿದ್ದೀರಿ, ಅದಕ್ಕೆ ತಕರಾರಿಲ್ಲ. ಆದರೆ ಆಮೇಲೆ ನಮ್ಮಂಥವರ ಮನೆಗೆ ದೂರದರ್ಶನ ಬರಬೇಕೆಂದರೆ ಡಿಶ್ಶೇ ಗತಿ. ನಮ್ಮ ಊರಲ್ಲಿ ಮನೆಗೂ ಮನೆಗೂ ಅರ್ಧ ಮೈಲಿ, ಕೇಬಲ್ ಎಳೆಯುವವರು ಯಾರು?

ಕಂಪನಿಯ ಬಾಕ್ಸ್‌ನಲ್ಲೂ ಚಂದನ ಬರುತ್ತದೆ. ದೂರದರ್ಶನದ ಚಾನೆಲ್‌ಗಳನ್ನು ಡಿಶ್ ಮೂಲಕ ಟಿವಿ ತೋರಿಸುವ ಎಲ್ಲಾ ಡಿಟಿಎಚ್ ಕಂಪನಿಗಳೂ ಕಡ್ಡಾಯವಾಗಿ ಕೊಡಬೇಕು ಅಂತ ನಿಯಮವೇ ಇದೆ. ಆದರೆ ರೀಚಾರ್ಜ್ ಮುಗಿದ ದಿನ ನಮ್ಮ ಮನೆಯಲ್ಲಿ ಧಾರಾವಾಹಿ ಜೊತೆಗೆ ಚಂದನವೂ ನಿಂತಿತು. ಪರದೆ ಮೇಲೆ ಒಂದು ನೀಲಿ ಚೌಕ, ಅದರೊಳಗೆ ದುಡ್ಡು ಕಟ್ಟಿ ಅನ್ನುವ ಸಂದೇಶ. ಮಾವ ಆ ಚೌಕದ ಮುಂದೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು. ಭದ್ರಾವತಿ ಆಕಾಶವಾಣಿ ಹಾಕಿಕೊಂಡರು. “ಇದಕ್ಕೆ ಯಾರೂ ರೀಚಾರ್ಜ್ ಕೇಳಲ್ಲ” ಅಂದರು.

ಮಳೆಗಾಲದಲ್ಲಿ ನಾವು ರೀಚಾರ್ಜ್ ಮಾಡಿಸುವುದಿಲ್ಲ, ಸತ್ಯ ಹೇಳುತ್ತೇನೆ. ಜಿಪುಣತನ ಅಂದುಕೊಳ್ಳಬೇಡಿ. ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಆ ಅಲೆಯನ್ನು ಹೀರಿ, ಚದುರಿಸಿಬಿಡುತ್ತದೆ. ಮೋಡ ಕವಿದು ಹೊಡೆಯುತ್ತಿದ್ದರೆ ಸಿಗ್ನಲ್ ಇಲ್ಲ. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಕರೆಂಟ್ ಇಲ್ಲ. ಎರಡೂ ಇದ್ದರೆ ಗುಡುಗು, ಆಗ ನಾವೇ ಕೇಬಲ್ ಕಿತ್ತಿಡುತ್ತೇವೆ. ತಿಂಗಳ ದುಡ್ಡು ಕೊಟ್ಟು ಹತ್ತು ದಿನ ನೋಡಿದರೆ ಅದೇ ಪುಣ್ಯ. 2019ರಲ್ಲಿ ಹೊಸ ದರ ಪದ್ಧತಿ ಬಂದಾಗ ಚಾನೆಲ್ ಆರಿಸಿಕೊಳ್ಳುವ ಮೊದಲೇ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ ಬರೀ ಸಂಪರ್ಕದ ಶುಲ್ಕಕ್ಕೆ ಮಿತಿ ಅಂತ ಆಯಿತು. 2024ರಲ್ಲಿ ಟ್ರಾಯ್‌ನವರು ನೀವು ಆ ಮಿತಿಯನ್ನೂ ತೆಗೆದಿರಿ. ಟಿವಿ ಕಪ್ಪಗಿರುವ ತಿಂಗಳಿಗೆ ಅಷ್ಟು ಕೊಡೋಕೆ ಮನಸ್ಸು ಬರುವುದಿಲ್ಲ.

ರೀಚಾರ್ಜ್ ಮುಗಿದರೂ ಉಚಿತ ಚಾನೆಲ್‌ಗಳನ್ನು ಕಂಪನಿಗಳು ಬಿಡಬೇಕೇ, ಬೇಡವೇ? ಅದು ಇನ್ನೊಂದು ಜಗಳ. ಉಪಗ್ರಹಕ್ಕೆ ಬಾಡಿಗೆ ಕಟ್ಟುವವರು ನಾವು ಅಂತ ಅವರು ಹೇಳುತ್ತಾರೆ, ಅದರಲ್ಲೂ ಅರ್ಥವಿದೆ. ಈ ಪತ್ರದಲ್ಲಿ ನಾನು ಅದನ್ನು ಎಳೆಯುವುದಿಲ್ಲ. ನನ್ನ ಕೋರಿಕೆ ಅದಕ್ಕಿಂತ ಸಣ್ಣದು, ಯಾರಿಗೂ ಒಂದು ಪೈಸೆ ನಷ್ಟವಿಲ್ಲದ್ದು. ನಮ್ಮ ಡಿಶ್ಶನ್ನು ಎರಡೂ ಸೇವೆಗಳಿಗೆ ಬಳಸಲು ಬಿಡಿ. ಬಳಸಿದ್ದಕ್ಕೆ ಸರ್ವಿಸ್ ನಿಲ್ಲಿಸದಂತೆ ನೋಡಿಕೊಳ್ಳಿ.

2020 ನೆನಪಿಸಿಕೊಳ್ಳಿ. ಕೊರೊನಾ ಬಂದು ಶಾಲೆ ಮುಚ್ಚಿತ್ತು. ಜುಲೈನಲ್ಲಿ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು, 8, 9, 10ನೇ ತರಗತಿಗೆ. ನನ್ನ ಮಗಳು ಆಗ ಎಂಟನೇ ಕ್ಲಾಸು. ಪಟ್ಟಣದ ಮಕ್ಕಳು ಮೊಬೈಲ್‌ನಲ್ಲಿ ಪಾಠ ಕೇಳಿದರು. ಇಲ್ಲಿ ಮೊಬೈಲ್ ಹಿಡಿದು ಗುಡ್ಡ ಹತ್ತಬೇಕಿತ್ತು, ಜುಲೈ ತಿಂಗಳ ಮಳೆಯಲ್ಲಿ, ಉಂಬಳದ ನಡುವೆ. ಚಂದನ ಇಲ್ಲದಿದ್ದರೆ ಅವಳಿಗೆ ಆ ವರ್ಷ ಪಾಠವೇ ಇರುತ್ತಿರಲಿಲ್ಲ. ಆ ತಿಂಗಳೇ ನಮ್ಮ ರೀಚಾರ್ಜ್ ಮುಗಿದದ್ದು. ಲಾಕ್‌ಡೌನ್‌ನಲ್ಲಿ ಹಸಿ ಅಡಿಕೆ ಮಾರಿದ ದುಡ್ಡೂ ಕೈಗೆ ಬಂದಿರಲಿಲ್ಲ. ಆಗಲೇ ನಾವು ಫ್ರೀ ಡಿಶ್ ಬಾಕ್ಸ್ ತಂದದ್ದು. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳಿಗೆ ಏನೂ ಇಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ 33 ಚಾನೆಲ್‌ನಿಂದ ಶುರುವಾದ ಆ ಸೇವೆ ಅವತ್ತು ನಮ್ಮ ಮನೆಗೆ ಶಾಲೆಯಾಯಿತು. ಅದಕ್ಕೆ ಪ್ರಸಾರ ಭಾರತಿಗೆ ಇಲ್ಲೇ ಒಂದು ನಮಸ್ಕಾರ.

ಬಾಕ್ಸ್ ಬಂತು, ಡಿಶ್ ಒಂದೇ. ಅಲ್ಲಿಂದ ಶುರುವಾಯಿತು ಈ ತಿರುಗಿಸುವ ಕೆಲಸ. ಡಿಶ್ ತಿರುಗಿಸುವುದು ಹೇಳಿದಷ್ಟು ಸುಲಭ ಅಲ್ಲ. ಮೊದಲನೆಯದಾಗಿ, ಅದು ನೋಡುವ ದಿಕ್ಕು ಕಣ್ಣಿಗೆ ಕಾಣುವ ದಿಕ್ಕಲ್ಲ. ನಮ್ಮ ಮನೆಗಳ ಡಿಶ್ಶಿನಲ್ಲಿ ಸಿಗ್ನಲ್ ಹಿಡಿದು ಬಾಕ್ಸಿಗೆ ಕಳಿಸುವ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿ ನಡುವೆ ಇರುವುದಿಲ್ಲ, ಕೆಳಗಿನಿಂದ ಚಾಚಿದ ಕೋಲಿನ ತುದಿಯಲ್ಲಿರುತ್ತದೆ. ಅದಕ್ಕೇ ಡಿಶ್ ಎದುರಿನ ಗುಡ್ಡ ನೋಡುತ್ತಿದ್ದಂತೆ ಕಂಡರೂ ನಿಜಕ್ಕೂ ನೋಡುವುದು ಅದಕ್ಕಿಂತ ತುಂಬಾ ಮೇಲೆ. ಎರಡನೆಯದು, ಎರಡಡಿ ಡಿಶ್‌ಗೆ ಇರುವ ನೋಟದ ಅಗಲ ಎರಡು ಮೂರು ಡಿಗ್ರಿ, ಅಷ್ಟೇ. ಬೋಲ್ಟ್ ಸಡಿಲ ಮಾಡಿ ಕೂದಲೆಳೆಯಷ್ಟು ಸರಿಸಬೇಕು, ನಿಲ್ಲಬೇಕು, ಬಾಕ್ಸ್ ಯೋಚಿಸುವ ತನಕ ಕಾಯಬೇಕು. ಆಮೇಲೆ ಮತ್ತೆ ಕೂದಲೆಳೆಯಷ್ಟು. ಟಿವಿಯಲ್ಲಿ ಎರಡು ಗೆರೆ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಯಾವಾಗಲೂ ತುಂಬಿಯೇ ಇರುತ್ತದೆ, ಅದನ್ನು ನಂಬಬಾರದು. ಕ್ವಾಲಿಟಿ ಎದ್ದರೆ ಮಾತ್ರ ಕೂಗಬೇಕು. ಇದು ನನಗೆ ಗೊತ್ತಾಗುವ ಹೊತ್ತಿಗೆ ಮೈದುನ ನನ್ನನ್ನು ಎಷ್ಟು ಬೈದುಕೊಂಡಿದ್ದನೋ. ಇಷ್ಟೆಲ್ಲಾ ಮಾಡಿ ಇಳಿದು ಬಂದ ಮೇಲೆ ಮಂಗ ಬಂದು ಡಿಶ್ಶಿನ ಮೇಲೆ ಕೂತರೆ ಮತ್ತೆ ಮೊದಲಿಂದ.

ಕಾಲಿಗೆ ಹೊಲಿಗೆ ಬಿದ್ದ ಮೇಲೆ ಪೇಟೆಯಿಂದ ಡಿಶ್ ರಿಪೇರಿ ಹುಡುಗನನ್ನು ಕರೆಸಿದೆವು. ಬಂದ, ನೋಡಿದ, ನಕ್ಕ. “ಅಕ್ಕ, ಇದನ್ನ ತಿರುಗಿಸೋದೇ ಬೇಡ. ಪಕ್ಕದಲ್ಲಿ ಇನ್ನೊಂದು ಎಲ್‌ಎನ್‌ಬಿ ಕೂರಿಸಿದ್ರಾಯ್ತು” ಅಂದ. ಡಿಶ್ ಅಂದರೆ ಬರೀ ತಗಡಿನ ಬಟ್ಟಲು. ತನ್ನ ಮೇಲೆ ಬಿದ್ದದ್ದನ್ನು ಒಂದು ಕಡೆ ಸೇರಿಸಿ ಕೊಡುವುದಷ್ಟೇ ಅದರ ಕೆಲಸ. ಅದು ಯಾವ ಕಂಪನಿ, ದುಡ್ಡಿನದೋ ಪುಕ್ಕಟೆಯದೋ ಅಂತ ಅದಕ್ಕೆ ಗೊತ್ತಿಲ್ಲ. ಒಂದು ಉಪಗ್ರಹದ ಕಿರಣ ಕೋಲಿನ ತುದಿಯಲ್ಲಿ ಸೇರಿದರೆ, ಬೇರೆ ಕಡೆ ನಿಂತ ಉಪಗ್ರಹದ್ದು ಅದರ ಪಕ್ಕದಲ್ಲಿ ಸೇರುತ್ತದೆ. ಅಲ್ಲಿಗೆ ಕಬ್ಬಿಣದ ಪಟ್ಟಿಯಲ್ಲಿ ಇನ್ನೊಂದು ಎಲ್‌ಎನ್‌ಬಿ ಕಟ್ಟಿದ. ಅದರಿಂದ ಬೇರೆ ಕೇಬಲ್ ಎಳೆದು ಫ್ರೀ ಡಿಶ್ ಬಾಕ್ಸಿಗೆ ಕೊಟ್ಟ. ಮುಖ್ಯ ಡಿಶ್ ಕದಲಲಿಲ್ಲ. ಅರ್ಧ ದಿನದ ಕೆಲಸ. ಪಕ್ಕದಲ್ಲಿರುವುದಕ್ಕೆ ಸಿಗ್ನಲ್ ಸ್ವಲ್ಪ ಕಡಿಮೆ, ಮಳೆ ಬಂದರೆ ಅದೇ ಮೊದಲು ಹೋಗುತ್ತದೆ ಅಂತಲೂ ಹೇಳಿಯೇ ಹೋದ. ಹಾಗೇ ಆಗುತ್ತದೆ. ಆದರೂ ಹಂಚು ಹತ್ತುವುದು ತಪ್ಪಿತು.

ಎರಡೂ ಸೇವೆ ಒಂದೇ ಉಪಗ್ರಹದಲ್ಲಿದ್ದರೆ ಕೆಲಸ ಇನ್ನೂ ಸುಲಭ. ಆದರೂ ಸುಮ್ನೆ ಒಂದು ಸ್ಪ್ಲಿಟರ್ ಹಾಕಿ ಕೇಬಲ್ ಕವಲೊಡೆದರೆ ಆಗುವುದಿಲ್ಲ. ಬಾಕ್ಸ್ ತನಗೆ ಬೇಕಾದ ಚಾನೆಲ್ ಕೇಳುವುದು ಕೇಬಲ್‌ನಲ್ಲಿ ಮೇಲಕ್ಕೆ ಕಳಿಸುವ ವೋಲ್ಟೇಜ್‌ನಿಂದ. 13 ವೋಲ್ಟ್ ಕಳಿಸಿದರೆ ಒಂದು ಗುಂಪು, 18 ಕಳಿಸಿದರೆ ಇನ್ನೊಂದು ಗುಂಪು. ಒಂದೇ ಎಲ್‌ಎನ್‌ಬಿಗೆ ಎರಡು ಬಾಕ್ಸ್ ಕಟ್ಟಿ, ಒಂದು 13 ಒಂದು 18 ಕಳಿಸಿದರೆ 18ರ ಮಾತೇ ನಡೆಯುತ್ತದೆ. ಒಳಗೆ ಅತ್ತೆ ಚಾನೆಲ್ ಬದಲಿಸಿದರೆ ಜಗಲಿಯಲ್ಲಿ ಮಾವನ ಟಿವಿ ಕಪ್ಪು! ಅತ್ತೆ ಸೊಸೆ ಜಗಳಕ್ಕಿಂತ ಕಷ್ಟ ಇದನ್ನು ಬಿಡಿಸುವುದು. ಇದಕ್ಕೆ ಬೇಕಾದ್ದು ಎರಡು ಬಾಯಿಯ ಎಲ್‌ಎನ್‌ಬಿ, ಅಂಗಡಿಯಲ್ಲಿ ಟ್ವಿನ್ ಅಂತ ಕೇಳಿದರೆ ಕೊಡುತ್ತಾರೆ. ಪ್ರತಿ ಬಾಯಿಯೂ ಸ್ವತಂತ್ರ, ಅವರವರ ಚಾನೆಲ್ ಅವರವರಿಗೆ.

ಈಗ ನನ್ನ ದೂರಿಗೆ ಬರುತ್ತೇನೆ. ಎರಡನೇ ಎಲ್‌ಎನ್‌ಬಿ ಹಾಕಿಸಿ ಮೂರು ತಿಂಗಳಾಗಿತ್ತು. ದೀಪಾವಳಿಗೆ ರೀಚಾರ್ಜ್ ಮಾಡಿಸಿದರೆ ದುಡ್ಡಿನ ಬಾಕ್ಸ್‌ನಲ್ಲಿ ಚಿತ್ರ ಚೂರು ಚೂರು. ಕಂಪನಿಗೆ ಫೋನ್ ಮಾಡಿದೆವು. ಯಾವ ಕಂಪನಿ ಅಂತ ಬರೆಯುವುದಿಲ್ಲ, ಒಬ್ಬರ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಎರಡು ದಿನ ಬಿಟ್ಟು ಒಬ್ಬರು ಬಂದರು. ಅಂಗಳದಲ್ಲೇ ನಿಂತು ಡಿಶ್ ನೋಡಿದರು. “ಮೇಡಂ, ಬೇರೆ ಎಲ್‌ಎನ್‌ಬಿ ಇದ್ರೆ ನಾವು ಮುಟ್ಟೋ ಹಾಗಿಲ್ಲ. ಅದನ್ನ ತೆಗೆಸಿ, ಆಮೇಲೆ ಕಾಲ್ ಮಾಡಿ” ಅಂದರು. ಬಂದು ಹೋಗುವ ಚಾರ್ಜ್ ಮಾತ್ರ ತೆಗೆದುಕೊಂಡರು. ಚಹಾ ಕುಡಿದೇ ಹೋದರು, ಪಾಪ, ಅವರ ತಪ್ಪೇನಿದೆ. ಮೇಲಿನಿಂದ ಹೇಳಿದ್ದನ್ನು ಅವರು ಹೇಳಿದರು.

ಮಾರನೇ ದಿನ ಮತ್ತೆ ಅದೇ ಪೇಟೆಯ ಹುಡುಗ ಬಂದ. ಕಂಪನಿಯ ಎಲ್‌ಎನ್‌ಬಿಗೆ ಸಿಕ್ಕಿಸಿದ್ದ ಕೇಬಲ್ ತುದಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಕನೆಕ್ಟರ್ ಒಳಗೆ ನೀರು ಇಳಿದು ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ಮಳೆಯ ಊರಲ್ಲಿ ಕನೆಕ್ಟರ್ ಮೇಲೆ ಹಾಕಬೇಕಾದ ರಬ್ಬರ್ ಟೋಪಿಯನ್ನು ಮೊದಲ ದಿನವೇ ಹಾಕಿರಲಿಲ್ಲ. ಎರಡು ಇಂಚು ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಟೇಪ್ ಸುತ್ತಿದ. ಚಿತ್ರ ಕನ್ನಡಿಯ ಹಾಗೆ ಬಂತು. ಪಕ್ಕದ ಎಲ್‌ಎನ್‌ಬಿಗೂ ಇದಕ್ಕೂ ಏನು ಸಂಬಂಧ?

ಕಂಪನಿಗಳ ಕಡೆಯ ಮಾತೂ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಯಾರೋ ಬಂದು ಬೋಲ್ಟ್ ಸಡಿಲ ಮಾಡಿ ಡಿಶ್ ಹಾಳುಮಾಡಿದರೆ ಆ ರಿಪೇರಿ ಅವರು ಪುಕ್ಕಟೆ ಮಾಡಬೇಕು ಅನ್ನುವುದು ನ್ಯಾಯವಲ್ಲ. ಎಲ್‌ಎನ್‌ಬಿ ಜಾಸ್ತಿಯಾದರೆ ಕೋಲು ಜಗ್ಗಬಹುದು, ಗಾಳಿಗೆ ಅಲುಗಬಹುದು. ಹಾಗಿದ್ದರೆ ಅದಕ್ಕೆ ದುಡ್ಡು ಕೇಳಲಿ, ಕೊಡುತ್ತೇವೆ. ಅವರ ದುಡ್ಡಿನ ಚಾನೆಲ್ ಕದಿಯುವ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಅವಕ್ಕೆಲ್ಲ ಬೀಗ ಇದೆ, ಕೀಲಿ ಅವರ ಬಾಕ್ಸ್ ಒಳಗಿದೆ, ಅದು ಅವರದ್ದೇ. ನಾವು ಮುಟ್ಟಿದ್ದು ಗೋಡೆಗೆ ಕೂರಿಸಿದ ತಗಡು. ಪೂರ್ತಿ ದುಡ್ಡು ಕೊಟ್ಟು ಕೊಂಡ ತಗಡು. ನಮ್ಮ ಗೋಡೆ, ನಮ್ಮ ಡಿಶ್, ನಮ್ಮ ತೋಟದ ಮೇಲಿನ ಆಕಾಶ. ಅದರಲ್ಲಿ ಸರ್ಕಾರವೇ ಪುಕ್ಕಟೆ ಕಳಿಸುವ ಚಾನೆಲ್ ಹಿಡಿದರೆ ಸರ್ವಿಸ್ ಇಲ್ಲ ಅನ್ನುವುದು ಯಾವ ಲೆಕ್ಕ?

ಟ್ರಾಯ್‌ನವರೇ, ಈ ದಿಕ್ಕಿನಲ್ಲಿ ನೀವು ಯೋಚಿಸಿಲ್ಲ ಅಂತ ಅಲ್ಲ. ಒಂದು ಕಂಪನಿಯ ಸೆಟ್‌ಟಾಪ್ ಬಾಕ್ಸ್ ಇನ್ನೊಂದಕ್ಕೂ ಆಗುವಂತಿರಬೇಕು ಅಂತ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿದ್ದೀರಿ. ನಮ್ಮ ಅಟ್ಟದಲ್ಲಿ ಹಳೆಯ ಕಂಪನಿಯ ಬಾಕ್ಸ್ ಒಂದು ಇವತ್ತಿಗೂ ಕೂತಿದೆ, ಅಡಿಕೆ ಚೀಲ ಹಾರದ ಹಾಗೆ ಮೇಲೆ ಇಡೋಕೆ ಮಾತ್ರ ಆಗುತ್ತದೆ. ಫ್ರೀ ಡಿಶ್‌ನಲ್ಲಿ ಪುಕ್ಕಟೆ ಸಿಗುವ ಚಾನೆಲ್‌ಗೆ ಉಳಿದವರೂ ದುಡ್ಡು ಕೇಳುವಂತಿಲ್ಲ ಅಂತ 2024ರ ಜುಲೈನಲ್ಲಿ ತಿದ್ದುಪಡಿ ತಂದಿರಿ. ಅದೂ ಒಳ್ಳೆಯದೇ. ಆದರೆ ನಮಗೆ ಬೇಕಾದ್ದು ಇವೆರಡಕ್ಕಿಂತ ಕೆಳಗಿನ ಮಟ್ಟದ್ದು, ಸ್ಪ್ಯಾನರ್ ಮಟ್ಟದ್ದು.

ಸೇವೆಯ ಗುಣಮಟ್ಟದ ಬಗ್ಗೆ ನೀವು ಮಾಡಿರುವ ನಿಯಮದಲ್ಲಿ ಎರಡು ಸಾಲು ಸೇರಿಸಿ. ಗಿರಾಕಿ ತಾನು ಕೊಂಡ ಡಿಶ್ಶಿಗೆ ಇನ್ನೊಂದು ಎಲ್‌ಎನ್‌ಬಿ ಅಥವಾ ಇನ್ನೊಂದು ಕೇಬಲ್ ಹಾಕಿಸಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಸರ್ವಿಸ್ ನಿರಾಕರಿಸುವಂತಿಲ್ಲ, ತೊಂದರೆ ಅದರಿಂದಲೇ ಆಗಿದ್ದರೆ ಮಾತ್ರ ಬೇರೆ ಚಾರ್ಜ್ ಕೇಳಬಹುದು. ಮತ್ತೆ, ಹೊಸ ಕನೆಕ್ಷನ್ ಹಾಕುವಾಗ ಎರಡು ಬಾಯಿಯ ಎಲ್‌ಎನ್‌ಬಿ ಬೇಕೇ ಅಂತ ಕೇಳಲೇಬೇಕು, ಬೇಕೆಂದವರಿಗೆ ವ್ಯತ್ಯಾಸದ ದುಡ್ಡನ್ನು ಬಿಲ್ಲಿನಲ್ಲಿ ತೋರಿಸಿ ಹಾಕಿಕೊಡಬೇಕು. ಮೊದಲ ದಿನವೇ ಹಾಕಿದರೆ ಅದು ಐದು ನಿಮಿಷದ ಕೆಲಸ. ಆಮೇಲೆ ಹಾಕಬೇಕೆಂದರೆ ಮತ್ತೆ ಏಣಿ, ಮತ್ತೆ ಹಂಚು.

ಇದು ಬರೀ ನಮ್ಮ ಹಳ್ಳಿಯ ರಗಳೆ ಅಂದುಕೊಳ್ಳಬೇಡಿ. ಟಿವಿಯ ಒಳಗೇ ಉಪಗ್ರಹದ ಟ್ಯೂನರ್ ಇರಬೇಕು, ಬಾಕ್ಸ್ ಇಲ್ಲದೆಯೇ ಉಚಿತ ಚಾನೆಲ್ ಬರಬೇಕು ಅಂತ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಒಂದು ಮಾನಕ ಮಾಡಿದೆ. ಐಎಸ್ 18112 ಅಂತ ಅದರ ಸಂಖ್ಯೆ, ಪ್ರಕಟಣೆ ಬಂದದ್ದು 2023ರ ಜನವರಿಯಲ್ಲಿ. ಒಳ್ಳೆಯ ಯೋಚನೆ. ಆದರೆ ಅಂಥ ಟಿವಿ ತಂದವರೂ ಅದರ ಬೆನ್ನಿಗೆ ಡಿಶ್‌ನಿಂದ ಒಂದು ಕೇಬಲ್ ಸಿಕ್ಕಿಸಲೇಬೇಕಲ್ವಾ? ಮನೆ ಮೇಲೆ ಆಗಲೇ ದುಡ್ಡಿನ ಡಿಶ್ ಇದ್ದು, ಅದರ ಎಲ್‌ಎನ್‌ಬಿಗೆ ಒಂದೇ ಬಾಯಿ ಇದ್ದು, ಇನ್ನೊಂದು ಹಾಕಿದರೆ ಸರ್ವಿಸ್ ಬಂದ್ ಅಂದರೆ ಆ ಟ್ಯೂನರ್ ಒಳಗೆ ಕೂತು ಏನು ಮಾಡುತ್ತದೆ?

ಪ್ರಸಾರ ಭಾರತಿಯವರಲ್ಲೂ ಒಂದು ಕೋರಿಕೆ ಇದೆ. ಫ್ರೀ ಡಿಶ್‌ನ ಚಾನೆಲ್ ಜಾಗಗಳನ್ನು ನೀವು ಹರಾಜು ಹಾಕುತ್ತೀರಿ. ಕೊಳ್ಳುವವರು ಹೆಚ್ಚಾಗಿ ಹಿಂದಿಯವರು. ರಿಮೋಟ್ ಒತ್ತುತ್ತಾ ಹೋದರೆ ಕನ್ನಡ ಸಿಗುವಷ್ಟರಲ್ಲಿ ಬೆರಳು ನೋಯುತ್ತದೆ. ಕೊಳ್ಳುವವರು ಇಲ್ಲದಿದ್ದರೆ ನೀವಾದರೂ ಏನು ಮಾಡುತ್ತೀರಿ ಅನ್ನಿ. ಆದರೆ ಜನ ಎರಡು ಸೇವೆ ಇಟ್ಟುಕೊಳ್ಳುವುದಕ್ಕೆ ಮೂಲ ಕಾರಣ ಇದೇ ಅನ್ನುವುದು ನಿಮಗೆ ಗೊತ್ತಿರಲಿ. ಫ್ರೀ ಡಿಶ್ ಒಂದರಲ್ಲೇ ಕನ್ನಡದ ಹಸಿವು ತೀರುವುದಿಲ್ಲ.

ಅದಕ್ಕಿಂತ ಸುಲಭದ್ದು ಇನ್ನೊಂದಿದೆ. ಚಂದನದಲ್ಲಿ ಅರ್ಧ ಗಂಟೆ ಕಾರ್ಯಕ್ರಮ ಮಾಡಿ. ಡಿಶ್ ಯಾವ ದಿಕ್ಕಿಗೆ ಕೂರಿಸಬೇಕು, ಎಲ್‌ಎನ್‌ಬಿ ಎಷ್ಟು ಓರೆ ಇರಬೇಕು, ಎಂಪೆಗ್-2 ಬಾಕ್ಸಿಗೂ ಎಂಪೆಗ್-4 ಬಾಕ್ಸಿಗೂ ಏನು ವ್ಯತ್ಯಾಸ, ಹಳೆಯ ಬಾಕ್ಸಿನಲ್ಲಿ ಕೆಲವು ಚಾನೆಲ್ ಯಾಕೆ ಬರುವುದಿಲ್ಲ, ಕನೆಕ್ಟರಿಗೆ ನೀರು ಇಳಿಯದ ಹಾಗೆ ಏನು ಮಾಡಬೇಕು, ಗುಡುಗು ಬಂದಾಗ ಯಾವುದನ್ನು ಮೊದಲು ಕಿತ್ತಿಡಬೇಕು. ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಒಂದು ನಿಜವಾದ ಡಿಶ್ ಮುಂದಿಟ್ಟು ಕನ್ನಡದಲ್ಲಿ ತೋರಿಸಿ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದನ್ನು ಎಷ್ಟು ಚೆನ್ನಾಗಿ ತೋರಿಸುತ್ತೀರಿ, ಹಾಗೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಹಾಕಿದರೆ ಉಪಯೋಗಕ್ಕೆ ಬರುತ್ತದೆ. ನಮ್ಮ ಮಾವ ಬರೆದಿಟ್ಟುಕೊಳ್ಳುತ್ತಾರೆ, ಗ್ಯಾರಂಟಿ.

“ಎಲ್ಲಾ ಮೊಬೈಲ್‌ನಲ್ಲೇ ಬರುವ ಕಾಲದಲ್ಲಿ ಡಿಶ್ ಯಾಕೆ?” ಅನ್ನುವವರಿದ್ದಾರೆ. ನೀವೇ 2024ರ ನವೆಂಬರ್‌ನಲ್ಲಿ ವೇವ್ಸ್ ಅನ್ನುವ ಆ್ಯಪ್ ಬಿಟ್ಟಿದ್ದೀರಿ. ನಾನೂ ಹಾಕಿಕೊಂಡಿದ್ದೇನೆ. ಗುಡ್ಡದ ಮೇಲಿನ ಬಂಡೆ ಹತ್ತಿರ ಹೋದರೆ ಚೆನ್ನಾಗಿಯೇ ಬರುತ್ತದೆ. ಅತ್ತೆಯನ್ನು ದಿನಾ ಸಂಜೆ ಅಲ್ಲಿಗೆ ಹತ್ತಿಸೋಕೆ ಆಗಲ್ಲ.

ಮೊನ್ನೆ ಕಂಪನಿಯಿಂದ ಮತ್ತೆ ಫೋನ್ ಬಂದಿತ್ತು, ಒಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಪುಕ್ಕಟೆ ಅಂತ. “ಪಕ್ಕದಲ್ಲಿ ಇನ್ನೊಂದು ಎಲ್‌ಎನ್‌ಬಿ ಇದೆ, ಸರ್ವಿಸ್ ಕೊಡ್ತೀರಾ?” ಅಂತ ಕೇಳಿದೆ. ಆ ಹುಡುಗಿಗೆ ಎಲ್‌ಎನ್‌ಬಿ ಅಂದರೇನು ಅಂತಲೇ ಗೊತ್ತಿರಲಿಲ್ಲ. “ಕೇಳಿ ಹೇಳ್ತೀನಿ ಮೇಡಂ” ಅಂದಳು. ಇನ್ನೂ ಹೇಳಿಲ್ಲ.

ಹಂಚು ಕೈಯಾಡಿಸುವವರು ಮೇ ಎರಡನೇ ವಾರ ಬರುತ್ತೇವೆ ಅಂದಿದ್ದಾರೆ. ಒಡೆದ ಹಂಚು ಬದಲಿಸುವಾಗ ಡಿಶ್ಶಿನ ಕಬ್ಬಿಣದ ಕೋಲನ್ನೂ ಬಿಚ್ಚಿ ಮತ್ತೆ ಕೂರಿಸಬೇಕು. ಎರಡನೇ ಎಲ್‌ಎನ್‌ಬಿ ಇಡಬೇಕೋ ತೆಗೆಯಬೇಕೋ ಆಗಲೇ ತೀರ್ಮಾನವಾಗಬೇಕು. ಅದಕ್ಕೂ ಮೊದಲು ನಿಮ್ಮಿಂದ ಒಂದು ಸಾಲಿನ ಉತ್ತರ ಬಂದರೆ ಉಪಕಾರವಾಗುತ್ತದೆ. ಮೃಗಶಿರಾ ಹಿಡಿದ ಮೇಲೆ ಯಾರನ್ನೂ ಮೇಲೆ ಹತ್ತಿಸುವುದಿಲ್ಲ ಅಂತ ನಮ್ಮ ಮನೆಯಲ್ಲಿ ಮಾತಾಗಿದೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ್ತಿ